ತವರೂರು ಕೇಳುವ ಫಾರ್ಮು

ಬೆಳಗಿನ ಐದೂವರೆ. ವಿಜಯಪುರದ ಪಕ್ಕದ ತೊರವಿಯ ಎರಡು ಖೋಲಿಯ ಮನೆಯಲ್ಲಿ ಒಲೆ ಇನ್ನೂ ಹತ್ತಿಲ್ಲ. ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಆಮ್ರಪಾಲಿ ಹೊಸಮನಿ ನೆಲದ ಮೇಲೆ ಕೂತಿದ್ದಾರೆ. ಪರದೆಯ ಮೇಲೆ ಒಂದು ಫಾರ್ಮು. ಹೆಸರು: ಸೌಭಾಗ್ಯ. ಊರು: ಕಾಖಂಡಕಿ. ವಯಸ್ಸು: ಇಪ್ಪತ್ತೈದು. ತವರು: ಹೊನವಾಡ. ತಂದೆ: ಬಸಗೊಂಡಪ್ಪ. ಕೊನೆಯ ಅಕ್ಷರ ಹೊಡೆದು ಕೈ ಹಿಂದಕ್ಕೆ ತೆಗೆದುಕೊಂಡು ಕಾಯುತ್ತಾರೆ. ಎರಡು ಸೆಕೆಂಡಿನ ಕೆಲಸ, ಆದರೆ ಆ ಎರಡು ಸೆಕೆಂಡು ಅವರು ಉಸಿರು ಬಿಗಿಹಿಡಿಯುವುದು ಪಕ್ಕದಲ್ಲಿ ಕೂತವರಿಗೂ ತಿಳಿಯುತ್ತದೆ. ಫಾರ್ಮಿನ ಮೂಲೆಯಲ್ಲಿ ಅರಿಶಿನ ಬಣ್ಣದ ಸಣ್ಣ ಪಟ್ಟಿಯೊಂದು ಮೂಡುತ್ತದೆ. ಅದರಲ್ಲಿ ಒಂದೇ ಒಂದು ಸಂಖ್ಯೆ, 4417. ಆಮ್ರಪಾಲಿ ‘ರದ್ದು’ ಗುಂಡಿ ಒತ್ತಿ, ಲ್ಯಾಪ್‌ಟಾಪ್ ಮುಚ್ಚಿ, ರೊಟ್ಟಿಗೆ ಎಸರಿಡಲು ಏಳುತ್ತಾರೆ.

ಸೌಭಾಗ್ಯ ತೀರಿಕೊಂಡು ಮೂರು ವರ್ಷವಾಯಿತು. 4417 ಕೂಡ ಆಕೆಯದೇ ಸಂಖ್ಯೆ, ಮದುವೆಗೆ ಮುಂಚಿನದು. ಇಲ್ಲದವಳನ್ನು ಈ ಮನೆಯಲ್ಲಿ ದಿನಾ ಬೆಳಿಗ್ಗೆ ಯಾಕೆ ಹುಡುಕುತ್ತಾರೆ ಎಂಬುದೇ ಈ ಬರಹದ ಕಥೆ. ಆಕೆಯದೂ ಆಕೆಯ ಮನೆಯವರದೂ ನಿಜವಾದ ಹೆಸರುಗಳಲ್ಲ, ಪತ್ರಿಕೆಗಾಗಿ ಬದಲಿಸಿದವು. ಬದುಕಿದ್ದಾಗಲೇ ಒಮ್ಮೆ ಹೆಸರು ಬದಲಾಗಿ ಪಟ್ಟ ಪಾಡು ಸಾಲದೆಂಬಂತೆ ಪಾಪ, ಸತ್ತ ಮೇಲೂ ಇನ್ನೊಮ್ಮೆ.

ಆಮ್ರಪಾಲಿಗೆ ಈಗ ನಲವತ್ತೊಂದು. ವಿಜಯಪುರದ ಒಂದು ಧರ್ಮಾರ್ಥ ದವಾಖಾನೆಯಲ್ಲಿ ಹನ್ನೆರಡು ವರ್ಷದಿಂದ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ. ದವಾಖಾನೆಯವರು ಫಿಟ್ಸ್ ಬರುವವರಿಗೆ ಮಂಗಳವಾರ ತಿಕೋಟಾದಲ್ಲಿ, ಶುಕ್ರವಾರ ಬಬಲೇಶ್ವರದಲ್ಲಿ ಶಿಬಿರ ನಡೆಸುತ್ತಾರೆ, ಉಳಿದ ದಿನ ನಗರದಲ್ಲಿ. ಶಿಬಿರವೊಂದಕ್ಕೆ ಎಪ್ಪತ್ತರಿಂದ ತೊಂಬತ್ತು ಜನ. ಬಂದವರ ಹೆಸರು ಕೇಳಿ, ಹಳೆಯ ದಾಖಲೆ ಹುಡುಕಿ, ಡಾಕ್ಟರರ ಮುಂದಿಡುವುದು ಆಮ್ರಪಾಲಿಯ ಕೆಲಸ. ಡಾಕ್ಟರರ ಫೋಟೋ ಪೇಪರಿನಲ್ಲಿ ಬಂದಿದೆ, ಟ್ರಸ್ಟಿನ ಅಧ್ಯಕ್ಷರದು ಎಷ್ಟೋ ಸಲ ಬಂದಿದೆ. ಮೂಲೆಯ ಮೇಜಿನ ಹಿಂದೆ ತಲೆ ತಗ್ಗಿಸಿ ಕೂತವರ ಫೋಟೋ ಯಾರೂ ತೆಗೆಯುವುದಿಲ್ಲ, ತೆಗೆದರೂ ಕಂಪ್ಯೂಟರೇ ಮುಖಕ್ಕೆ ಅಡ್ಡ ಬರುತ್ತದೆ.

ಅಪ್ಪ ಬಾಬು ಇದೇ ದವಾಖಾನೆಯಲ್ಲಿ ರೋಗಿಗಳನ್ನು ಎತ್ತಿಳಿಸುವ, ಕಸ ಹೊಡೆಯುವ ಕೆಲಸದಲ್ಲಿದ್ದವರು. ಅವ್ವ ಹನಮವ್ವ ಕೂಲಿ ಮಾಡಿ ಮಗಳನ್ನು ಪಿಯುಸಿವರೆಗೆ ಕನ್ನಡದಲ್ಲೇ ಓದಿಸಿದಾಕೆ. ಆಧಾರ್ ಕಾರ್ಡಿನಲ್ಲಿ ಆಕೆ ಹನುಮವ್ವ, ರೇಶನ್ ಕಾರ್ಡಿನಲ್ಲಿ ಹಣಮವ್ವ, ಮನೆಯಲ್ಲಿ ಹನಮವ್ವ. ಮೂವರೂ ಒಬ್ಬಳೇ ಎಂದು ಮನುಷ್ಯರಿಗೆ ಹೇಳಿಕೊಡಬೇಕಿಲ್ಲ, ಕಂಪ್ಯೂಟರಿಗೆ ಹೇಳಿಕೊಡಬೇಕು. ಇಲ್ಲದಿದ್ದರೆ ಅದರ ಲೆಕ್ಕದಲ್ಲಿ ಮೂರು ಹೆಂಗಸರು.

ಎಂಟು ವರ್ಷದ ಹಿಂದೆ ದವಾಖಾನೆಯ ಕಾಗದದ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಹೊರಟಾಗ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಲಿಬ್ರೆಆಫೀಸ್ ಬೇಸ್ ಎಂಬ ತಂತ್ರಾಂಶವನ್ನು ಹಾಕಿಸಿದರು. ಒಂಬತ್ತು ಸಾವಿರದ ಇನ್ನೂರು ಕಾರ್ಡುಗಳು. ಆಮ್ರಪಾಲಿ ಒಬ್ಬರೇ ಎರಡೂವರೆ ವರ್ಷ ಕೂತು ಹೊಡೆದರು. ನಾಲ್ಕು ಸಾವಿರದ ನಾನೂರಾ ಹದಿನೇಳನೆಯ ಕಾರ್ಡು ಹೊನವಾಡದ ನೀಲಾಬಾಯಿಯದು, ತಂದೆ ಬಸಗೊಂಡಪ್ಪ. ಹದಿನೇಳರ ಹುಡುಗಿ ತಿಕೋಟಾ ಶಿಬಿರಕ್ಕೆ ಬಂದಿದ್ದಳು. ಕೊಟ್ಟ ಗುಳಿಗೆ ಮೈಗೆ ಒಗ್ಗದೆ ಬಾಯೆಲ್ಲ ಹುಣ್ಣಾಗಿ, ಚರ್ಮದ ಮೇಲೆ ಗುಳ್ಳೆ ಎದ್ದು, ಹೇಗೋ ಪಾರಾಗಿದ್ದಳು. ಆಗಿನ ಡಾಕ್ಟರರು ಬೇರೆ ಗುಳಿಗೆ ಬರೆದು, ಹಳೆಯದರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಇದನ್ನು ಮತ್ತೆ ಎಂದೂ ಕೊಡಬಾರದು’ ಎಂದು ದವಾಖಾನೆಯ ಕಾರ್ಡಿನಲ್ಲೂ ಮನೆಗೆ ಕೊಡುವ ಅದರ ಪ್ರತಿಯಲ್ಲೂ ಬರೆದಿಟ್ಟಿದ್ದರು.

“ಆ ಕೆಂಪ ಅಕ್ಷರಾನೂ ನಾನ ಹೊಡದೇನ್ರಿ,” ಎನ್ನುತ್ತಾರೆ ಆಮ್ರಪಾಲಿ. “ಕಂಪ್ಯೂಟರದಾಗ ಐತಿ. ಅವತ್ತೂ ಇತ್ತು. ನನ್ನ ಕೈಬೆರಳಿನ ಕೆಳಗs ಇತ್ತು.”

ಅವತ್ತು ಎಂದರೆ ಮೂರು ವರ್ಷದ ಹಿಂದಿನ ಒಂದು ಶುಕ್ರವಾರ, ಬಬಲೇಶ್ವರದ ಶಿಬಿರ. ಕಾಖಂಡಕಿಯಿಂದ ಒಬ್ಬ ಅತ್ತೆ ತನ್ನ ಸೊಸೆಯನ್ನು ಕರೆತಂದಿದ್ದಳು. ಮದುವೆಯಾಗಿ ಎಂಟು ತಿಂಗಳು. ಹೆಸರು ಸೌಭಾಗ್ಯ, ಗಂಡ ಸಂಗು, ವಯಸ್ಸು ಇಪ್ಪತ್ತೆರಡು. “ಮೊದಲ ಎಲ್ಲೆರೆ ತೋರಿಸಿದ್ರೇನವಾ?” ಎಂದು ಆಮ್ರಪಾಲಿ ಕೇಳಿದರು. ಹುಡುಗಿ ಅತ್ತೆಯ ಮುಖ ನೋಡಿ, ನೆಲ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ಆಮ್ರಪಾಲಿ ಹೆಸರು ಹೊಡೆದು ಹುಡುಕಿದರು. ಯಾರೂ ಸಿಗಲಿಲ್ಲ. ‘ಹೊಸಬರು’ ಎಂಬ ಹಸಿರು ಗುಂಡಿ ಒತ್ತಿದರು.

ಈ ಭಾಗದ ಎಷ್ಟೋ ಮನೆಗಳಲ್ಲಿ ಮದುವೆಯ ದಿನವೇ ಹೆಣ್ಣಿನ ಹೆಸರು ಬದಲಾಗುತ್ತದೆ. ಪರಾತದಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಂದ ಮುಂದೆ ಆಕೆಗೆ ಅದೇ ಹೆಸರು. ಹೊನವಾಡದ ನೀಲಾಬಾಯಿ ಹಾಗೆ ಕಾಖಂಡಕಿಯ ಸೌಭಾಗ್ಯಳಾದಳು. ಫಿಟ್ಸ್ ಇದೆಯೆಂದು ಹೇಳಿದರೆ ಮದುವೆಯೇ ಆಗದು, ಹಾಗಾಗಿ ತವರಿನವರು ಹೇಳಲಿಲ್ಲ. ಗುಳಿಗೆ ಗಂಡನ ಮನೆಗೆ ಹೋಗಲಿಲ್ಲ, ಕಾರ್ಡೂ ಹೋಗಲಿಲ್ಲ. ಗುಳಿಗೆ ನಿಂತ ಕೆಲವೇ ತಿಂಗಳಲ್ಲಿ ಬೇನೆ ಮರಳಿತು. ಡಾಕ್ಟರರು ಕೂಡ ಮೈಗಾಗದ ಔಷಧಿ ಯಾವುದಾದರೂ ಇದೆಯೇ ಎಂದು ಕೇಳಿದರು. ಪಕ್ಕದಲ್ಲಿ ಅತ್ತೆ ನಿಂತಿದ್ದಳು, ಹುಡುಗಿ ಇಲ್ಲವೆಂದಳು. ಹೊಸಬರಿಗೆ ಮೊದಲು ಕೊಡುವ ಗುಳಿಗೆಯನ್ನೇ ಕೊಟ್ಟರು. ಹಿಂದೆ ಅದನ್ನು ಬಿಡಿಯಾಗಿ ಕಾಗದದ ಪುಡಿಕೆಯಲ್ಲಿ ಕಟ್ಟಿ ಕೊಡುತ್ತಿದ್ದರು, ಈಗ ಬೆಳ್ಳಿ ಬಣ್ಣದ ಸ್ಟ್ರಿಪ್ಪಿನಲ್ಲಿ ಬರುತ್ತದೆ. ಆಕೆಗೆ ಗುರುತು ಹತ್ತಲಿಲ್ಲ. ಹನ್ನೆರಡನೆಯ ದಿನ ಮೈ ಸುಲಿಯತೊಡಗಿತು. ದೊಡ್ಡಾಸ್ಪತ್ರೆಗೆ ಒಯ್ದರು. ಅಲ್ಲಿ ಒಂಬತ್ತು ದಿನ ಇದ್ದಳು, ಅಷ್ಟೇ.

ತಪ್ಪು ಯಾರದು? ಬಚ್ಚಿಟ್ಟ ತವರಿನವರದೇ, ಬಾಯಿಬಿಡದ ಹುಡುಗಿಯದೇ, ಬಾಯಿ ಬಿಡಗೊಡದ ರೂಢಿಯದೇ? ದವಾಖಾನೆಯಲ್ಲಿ ಯಾರೂ ಆಮ್ರಪಾಲಿಯತ್ತ ಬೆರಳು ತೋರಿಸಲಿಲ್ಲ. ತೋರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎಂದು ಅವರಿಗೆ ಈಗಲೂ ಅನಿಸುತ್ತದೆ.

ಆಕೆ ಹೋದ ಮೂರು ವಾರದ ನಂತರ, ತಿಕೋಟಾದಲ್ಲಿ ಶಿಬಿರ ಮುಗಿಯುವ ಹೊತ್ತಿಗೆ ಬಸಗೊಂಡಪ್ಪ ಬಂದರು. ದ್ರಾಕ್ಷಿ ತೋಟದ ಕೆಲಸದಿಂದ ನೇರ ಬಂದಿದ್ದರು, ಕೈಯೆಲ್ಲ ಔಷಧಿಯ ನೀಲಿ ಕಲೆ. ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟು, ಕಾಖಂಡಕಿಗೆ ಕೊಟ್ಟ ಮಗಳು ಸೌಭಾಗ್ಯಳದೇ ಇದು ಎಂದರು. ಕೆಂಪು ಶಾಯಿ ಇನ್ನೂ ಮಾಸಿರಲಿಲ್ಲ.

“ಟ್ರಂಕಿನ್ಯಾಗ ಮುಚ್ಚಿಟ್ಟಿದ್ದೆ ಯವ್ವಾ, ಯಾರ ಕಣ್ಣಿಗೂ ಬೀಳಬಾರದಂತ,” ಎಂದರು. “ನಿಮ್ಮ ಕಾಗದಾ ನಿಮ್ಮ ಹಂತೇಕ ಇರ್ಲಿ. ನಮ್ಮ ಮನ್ಯಾಗ ಇಟ್ಟ ಏನ್ ಮಾಡೋದೈತಿ.”

ಆಮ್ರಪಾಲಿ ಕಾರ್ಡಿನ ಸಂಖ್ಯೆ ನೋಡಿ, ಫಾರ್ಮಿನಲ್ಲಿ ಹೊಡೆದರು. ತಾವೇ ಹೊಡೆದ ಅಕ್ಷರಗಳು ತೆರೆದುಕೊಂಡವು. ಅದೇ ಗಳಿಗೆಯಲ್ಲಿ ಅವರಿಗೆ ಎಲ್ಲವೂ ತಿಳಿದದ್ದು. ಬಸಗೊಂಡಪ್ಪ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದರು. ಬೈಯಲಿಲ್ಲ, ಅಳಲೂ ಇಲ್ಲ.

“ನಂಗ ಹೊಳೀಲೇ ಇಲ್ರಿ,” ಎಂದು ಆಮ್ರಪಾಲಿ ಇವತ್ತಿಗೂ ಹೇಳುತ್ತಾರೆ. ಹೊಳೆಯದಿರಲು ಕಾರಣವೂ ಇದೆ. ಅವರ ಮದುವೆ ವಿಹಾರದಲ್ಲಿ, ಬುದ್ಧನ ಮುಂದೆ ಆಯಿತು. ಗಂಡ ರಾಜರತ್ನ ಗೂಡ್ಸ್ ಟೆಂಪೋ ಓಡಿಸುವವರು. ಹೆಸರಿನ ಮಾತು ಬಂದಾಗ ಅಪ್ಪ ಬಾಬು, “ಎಷ್ಟೋ ಹುಡುಕಿ ಇಟ್ಟ ಹೆಸರೈತಿ, ಬದಲಿ ಮಾಡಂಗಿಲ್ಲ,” ಎಂದಿದ್ದರಂತೆ. ಹಾಗೆ ಉಳಿದುಕೊಂಡ ಹೆಸರು ಅವರಿಗೆ ಹೆಮ್ಮೆಯದೇ. “ಆದ್ರ ನೋಡ್ರಿ, ನನ್ನ ಹೆಸರ ಹೋಗಿದ್ರ ನಂಗ ಕೇಳಬೇಕಂತ ಅನಿಸ್ತಿತ್ತು. ಹೋಗಿಲ್ಲ. ಅದಕ್ಕ ಕೇಳಲಿಲ್ಲ.”

ಫಾರ್ಮು ತಾನಾಗಿ ಏನನ್ನೂ ಯೋಚಿಸುವುದಿಲ್ಲ. ಈ ಖಾನೆ ತುಂಬಿದ ಕೂಡಲೇ ಹೀಗೆ ಮಾಡು, ಆ ಗುಂಡಿ ಒತ್ತುವ ಮುಂಚೆ ಅದನ್ನು ನೋಡು ಎಂದು ಅದಕ್ಕೆ ಆಜ್ಞೆಗಳನ್ನು ಬರೆದಿಡಬೇಕು. ಆ ಆಜ್ಞೆಗಳ ಸರಕ್ಕೆ ಮ್ಯಾಕ್ರೋ ಎನ್ನುತ್ತಾರೆ. ದವಾಖಾನೆಯಲ್ಲಿ ಅದನ್ನು ಬಲ್ಲವರು ಯಾರೂ ಇರಲಿಲ್ಲ. ಕಂಪ್ಯೂಟರ್ ರಿಪೇರಿ ಮಾಡುವ ಮಶಾಕಸಾಬರು, “ಅದು ಇಂಜಿನಿಯರ್ ಮಂದಿ ಕೆಲಸ ಅವ್ವಾ, ನಂದೂ ಅಲ್ಲ, ನಿಂದೂ ಅಲ್ಲ,” ಎಂದು ಕೈಮುಗಿದುಬಿಟ್ಟರು. ಕಲಿಯುವ ಪುಟಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಆಮ್ರಪಾಲಿ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು, ಸಿಕ್ಕ ಶಬ್ದವನ್ನೆಲ್ಲ ಬರೆದು, ಎದುರಿಗೆ ತಮ್ಮ ಅರ್ಥ ಬರೆಯುತ್ತ ಹೋದರು. ಆ ಪುಸ್ತಕ ಈಗಲೂ ಲ್ಯಾಪ್‌ಟಾಪಿನ ಚೀಲದಲ್ಲಿದೆ. ‘ಇಫ್: ಹಿಂಗಿದ್ರ. ಎಲ್ಸ್: ಇಲ್ಲಂದ್ರ. ಲೂಪ್: ಗಾಣದ ಎತ್ತು.’ ಮುಂದೆ ಬರುವ ಮಾಹಿತಿಗೆ ಮೊದಲೇ ಜಾಗ ಕಾದಿರಿಸುವ ‘ಡಿಮ್’ ಎಂಬ ಆಜ್ಞೆಯ ಎದುರಿಗೆ ‘ತಿಕೋಟಾ ಬಸ್ಸಿನ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟ್ ಹಿಡಿಯೋದು’ ಎಂದಿದೆ. ಇದಕ್ಕಿಂತ ಸರಿಯಾದ ವಿವರಣೆ ಯಾವ ಇಂಜಿನಿಯರೂ ಕೊಟ್ಟಿರಲಾರ.

ಮೊದಲ ಮ್ಯಾಕ್ರೋ ಹನ್ನೊಂದು ದಿನ ಓಡಲಿಲ್ಲ. ಫಾರ್ಮನ್ನು ಅದರ ಹೆಸರಿನಿಂದ ಕರೆದಾಗಲೆಲ್ಲ, ಆ ಹೆಸರಿನದು ಇಲ್ಲಿ ಯಾವುದೂ ಇಲ್ಲ ಎಂಬರ್ಥದ ಉದ್ದನೆಯ ಇಂಗ್ಲಿಷ್ ದೂರು ಪರದೆಯ ಮೇಲೆ ಬರುತ್ತಿತ್ತು. ಕಣ್ಣೆದುರಿಗೇ ಫಾರ್ಮು ಇದೆ, ಇಲ್ಲ ಅನ್ನುತ್ತದೆ. ಕಾಗುಣಿತ ತಿದ್ದಿದರು, ಹೆಸರು ಬದಲಿಸಿದರು, ಎಲ್ಲವನ್ನೂ ಅಳಿಸಿ ಮತ್ತೆ ಬರೆದರು. ಹನ್ನೆರಡನೆಯ ದಿನ, ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ಗುಟ್ಟು ಗೊತ್ತಾಯಿತು. ಫಾರ್ಮಿಗೆ ಎರಡು ಹೆಸರು. ಹೊರಗೆ ಕಾಣುವುದು ನಾವು ಇಟ್ಟದ್ದು. ಒಳಗೆ ಇನ್ನೊಂದಿರುತ್ತದೆ, ಫಾರ್ಮು ಹುಟ್ಟುವಾಗಲೇ ತಂತ್ರಾಂಶ ಕೊಟ್ಟದ್ದು. ಆ ಒಳಗಿನ ಹೆಸರಿನಿಂದ ಕರೆದರೆ ಮಾತ್ರ ಅದು ಓಗೊಡುತ್ತದೆ. ಅಂದು ಆಮ್ರಪಾಲಿ ಬಸ್‌ಸ್ಟ್ಯಾಂಡಿನಲ್ಲಿ ಅತ್ತರು. ಕಡಲೆ ಮಾರುವಾಕೆ, ಯಾರು ತೀರಿಕೊಂಡರೆಂದು ಕೇಳಿದಳಂತೆ.

ಆಮೇಲಿನದು ನಿಧಾನದ ಕೆಲಸ. ‘ನ’ಕ್ಕೂ ‘ಣ’ಕ್ಕೂ ಭೇದ ಮಾಡಬಾರದು, ‘ಲ’ ‘ಳ’ ಒಂದೇ ಎಂದು ಎಣಿಸಬೇಕು, ಹೆಸರಿನ ಕೊನೆಯ ‘ಅವ್ವ’ ‘ಬಾಯಿ’ಗಳನ್ನು ಕಳಚಿ ಮೂಲ ಹೆಸರನ್ನಷ್ಟೇ ನೋಡಬೇಕು. ಒಂದೊಂದನ್ನೇ ಫಾರ್ಮಿಗೆ ಕಲಿಸಿದರು. ಆದರೆ ಸೌಭಾಗ್ಯ ನೀಲಾಬಾಯಿಯೆಂದು ಯಾವ ಕಾಗುಣಿತವೂ ಹೇಳಲಾರದು. ಫಾರ್ಮಿನಲ್ಲಿ ‘ತಂದೆ/ಗಂಡ’ ಎಂದು ಒಂದೇ ಖಾನೆ ಇತ್ತು, ಮದುವೆಯಾದ ಹೆಂಗಸು ಬಂದರೆ ತಂದೆ ಅಳಿಸಿಹೋಗಿ ಗಂಡ ಕೂರುತ್ತಿದ್ದ. ಮೊದಲಿನ ಹೆಸರು ಕೇಳೋಣವೆಂದರೆ ಅತ್ತೆಯ ಮುಂದೆ ಹುಡುಗಿ ಗಾಬರಿಯಾಗುತ್ತಾಳೆ. ಯಾವ ಹೆಣ್ಣೂ ಯಾರ ಮುಂದೆಯೂ ಮುಚ್ಚಿಡದ ಸಂಗತಿ ಯಾವುದು? ಆಮ್ರಪಾಲಿಗೆ ಉತ್ತರ ಸಿಕ್ಕಿದ್ದು ಬಸ್ಸಿನಲ್ಲಿ, ಗುರುತಿಲ್ಲದ ಇಬ್ಬರು ಹೆಂಗಸರ ಮಾತು ಕಿವಿಗೆ ಬಿದ್ದಾಗ. ಸೀಟು ಸಿಕ್ಕು ಕೂತ ಮೇಲೆ ಒಬ್ಬಳು ಕೇಳಿದ ಮೊದಲ ಪ್ರಶ್ನೆ, ತವರ ಯಾವುದ್ರಿ?

“ಅದನ್ನ ಕೇಳಿದ್ರ ಯಾರೂ ಸಿಟ್ಟಾಗಂಗಿಲ್ರಿ. ಮಾರಿ ಅರಳತೈತಿ. ಯಾರ ಮಗಳವಾ ಅಂದ್ರ ಅಪ್ಪನ ಹೆಸರ ತಾನ ಬರತೈತಿ. ಅತ್ತಿ ಬಾಜೂಕ ಇದ್ರೂ ಅಡ್ಡಿ ಇಲ್ಲ.”

ಹೀಗೆ ಫಾರ್ಮಿನಲ್ಲಿ ತವರೂರಿಗೆ ಒಂದು, ತಂದೆಗೆ ಒಂದು ಹೊಸ ಖಾನೆ ಬಂದವು. ಅವೆರಡೂ ತುಂಬುವ ತನಕ ಹಸಿರು ಗುಂಡಿ ಹೆಂಗಸರಿಗೆ ತೆರೆಯುವುದಿಲ್ಲ. ತುಂಬಿದ ಕೂಡಲೇ ಮ್ಯಾಕ್ರೋ ಆ ಊರಿನ, ಆ ತಂದೆಯ, ಹೆಚ್ಚುಕಡಿಮೆ ಆ ವಯಸ್ಸಿನ ಹುಡುಗಿಯರನ್ನೆಲ್ಲ ಹುಡುಕುತ್ತದೆ.

ಇದರಲ್ಲೂ ಒಂದು ಪೆಟ್ಟು ತಿಂದರು. ಮೊದಲು ಬರೆದಾಗ, ದಾಖಲೆ ಸಿಕ್ಕರೆ ಪರದೆಯ ನಟ್ಟನಡುವೆ ದೊಡ್ಡ ಡಬ್ಬಿ ಮೂಡಿ, ‘ಇವರು ಮೊದಲೇ ಬಂದಿದ್ದಾರೆ’ ಎಂದು ತೋರಿಸುತ್ತಿತ್ತು. ಬಬಲೇಶ್ವರದಲ್ಲಿ ಒಬ್ಬಳ ಹಿಂದೆ ನಿಂತ ಮೈದುನ ಅದನ್ನು ಗಟ್ಟಿಯಾಗಿ ಓದಿದ. ಆ ಹುಡುಗಿಯ ಮುಖದಲ್ಲಿ ರಕ್ತ ಇಂಗಿಹೋಯಿತು. ಮುಂದಿನ ಎರಡು ಶುಕ್ರವಾರ ಆಕೆ ಬರಲಿಲ್ಲ. ಮೂರನೆಯ ಶುಕ್ರವಾರ ಬಂದಳು, ಕೈಮೇಲೆ ಬರೆ ಇತ್ತು. ಯಾರೂ ಏನೂ ಕೇಳಲಿಲ್ಲ, ಕೇಳುವ ಧೈರ್ಯ ಆಮ್ರಪಾಲಿಗಿರಲಿಲ್ಲ. ಅಂದು ಸಂಜೆಯೇ ಡಬ್ಬಿ ತೆಗೆದುಹಾಕಿದರು. ಈಗ ಮೂಡುವುದು ಮೂಲೆಯ ಅರಿಶಿನ ಪಟ್ಟಿ, ಅದರಲ್ಲಿ ಬರೀ ಸಂಖ್ಯೆ. ಓದು ಬಲ್ಲ ಮೈದುನರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಆಮ್ರಪಾಲಿ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಔಷಧಿ ಕೊಡುವ ಮದೀನಾಬಿಗೆ ದಾಟಿಸುತ್ತಾರೆ. ಮದೀನಾಬಿ ಹಳೆಯ ಕಾರ್ಡು ತೆಗೆದು ಡಾಕ್ಟರರ ಮೇಜಿನ ಮೇಲೆ ಮಗುಚಿ ಇಡುತ್ತಾರೆ.

ಮೂರು ವರ್ಷದಲ್ಲಿ ಫಾರ್ಮು ಹೀಗೆ ಹಿಡಿದುಕೊಟ್ಟವರು ಮುನ್ನೂರಾ ಹನ್ನೆರಡು ಮಂದಿ. ಅವರಲ್ಲಿ ಹತ್ತೊಂಬತ್ತು ಕಾರ್ಡುಗಳಲ್ಲಿ ಕೆಂಪು ಶಾಯಿ ಇತ್ತು. ಆ ಹತ್ತೊಂಬತ್ತು ಜನ ತಾವು ಯಾವುದರಿಂದ ಪಾರಾದೆವೆಂದು ಅರಿಯದೆ ಗುಳಿಗೆ ತೆಗೆದುಕೊಂಡು ಮನೆಗೆ ಹೋದರು. ಲೆಕ್ಕ ಕೇಳಿ ಯಾರಾದರೂ ಹೊಗಳಿದರೆ ಆಮ್ರಪಾಲಿಗೆ ಮುಜುಗರ. “ಕೋಟಿ ಕೊಳ್ಳೆ ಹೊಡದ ಮ್ಯಾಲ ದಿಡ್ಡಿ ಬಾಗಲಾ ಹಾಕೀನ್ರಿ ನಾ. ಏನ್ ದೊಡ್ಡದು?” ಎನ್ನುತ್ತಾರೆ.

ಒಂದೇ ವ್ಯಕ್ತಿಯ ಎರಡು ದಾಖಲೆ ಸಿಕ್ಕರೆ ಅವೆರಡನ್ನು ಸೇರಿಸುವ ಗುಂಡಿಯೂ ಫಾರ್ಮಿನಲ್ಲಿದೆ. ಮುನ್ನೂರಾ ಹನ್ನೆರಡನ್ನೂ ಸೇರಿಸಿದ್ದಾರೆ. ಒಂದು ಜೋಡಿ ಮಾತ್ರ ಹಾಗೇ ಬಿಟ್ಟಿದ್ದಾರೆ. ನೀಲಾಬಾಯಿ ಒಂದು ಸಾಲಿನಲ್ಲಿ, ಸೌಭಾಗ್ಯ ಇನ್ನೊಂದು ಸಾಲಿನಲ್ಲಿ. ಆ ಗುಳಿಗೆಯನ್ನು ಅಂದು ಕೈಯಾರೆ ಕೊಟ್ಟವರು ಮದೀನಾಬಿ. ಬರುವ ವರ್ಷ ನಿವೃತ್ತಿ. ಶಿಬಿರ ಮುಗಿದು ಡಬ್ಬಿಗಳನ್ನು ಕಟ್ಟುವಾಗ ಈ ಮಾತು ಆಗಾಗ ಬರುತ್ತದೆ.

“ಇಬ್ಬರನ್ನೂ ಕೂಡಿಸಿ ಬಿಡ ಬೇ ಆಮ್ರಪಾಲಿ. ಆಕಿನ್ನ ಇನ್ನ ಎಷ್ಟ ದಿನಾ ಕರೀತಿ? ನಿದ್ದಿ ಮಾಡ್ಲಿ ಬಿಡು.”

“ಕೂಡಿಸಿದ್ರ ಫಾರ್ಮ್ ಚಾಲೂ ಐತೋ ಇಲ್ಲೋ ಹೆಂಗ ನೋಡ್ಲಿ, ಆಪಾ?”

“ಬ್ಯಾರೆ ಹೆಸರ ಹಾಕಿ ನೋಡು.”

ಆಮ್ರಪಾಲಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮದೀನಾಬಿ ಕೂಡ ಒತ್ತಾಯಿಸುವುದಿಲ್ಲ, ಗುಳಿಗೆಯ ಸ್ಟ್ರಿಪ್ಪುಗಳಿಗೆ ರಬ್ಬರ್ ಹಾಕುತ್ತ ಕೂರುತ್ತಾರೆ.

ಇಷ್ಟೆಲ್ಲ ಆದ ಮೇಲೂ ಈ ಫಾರ್ಮಿಗೆ ಆಯುಷ್ಯ ಹೆಚ್ಚಿಲ್ಲ. ಬರುವ ಏಪ್ರಿಲ್‌ನಿಂದ ಟ್ರಸ್ಟಿನವರು ಎಲ್ಲೋ ಸಿದ್ಧಪಡಿಸಿದ ಹೊಸ ವ್ಯವಸ್ಥೆ ತರುತ್ತಿದ್ದಾರೆ. ಬೆರಳಿನಿಂದ ಮುಟ್ಟಿದರೆ ಸಾಕಂತೆ, ಬಣ್ಣಬಣ್ಣದ ನಕ್ಷೆಗಳಂತೆ. ಅದರ ಮಾದರಿ ತೋರಿಸಿದ ದಿನ ಆಮ್ರಪಾಲಿ ಕೊನೆಯ ಸಾಲಿನಲ್ಲಿ ಕೂತು ಖಾನೆಗಳನ್ನು ಓದಿದರು. ತಂದೆ/ಗಂಡ, ಒಂದೇ ಖಾನೆ. ತವರೂರು ಇಲ್ಲ. ಅದರಲ್ಲಿ ಇಲ್ಲಿನವರು ಮ್ಯಾಕ್ರೋ ಬರೆಯುವಂತೆಯೂ ಇಲ್ಲ, ಬಂದದ್ದು ಬಂದ ಹಾಗೆ. ಎದ್ದು ನಿಂತು, “ತವರೂರಿಂದ ಒಂದ ಖಾನೆ ಹಾಕಾಕ ಬರತೈತೇನ್ರಿ ಸರ?” ಎಂದು ಕೇಳಿದರು. ನಾಲ್ಕಾರು ಜನ ನಕ್ಕರು. ಹೊರಗಿನಿಂದ ಬಂದಿದ್ದ ಹುಡುಗನಿಗೆ ತವರು ಯಾಕೆ ಬೇಕೆಂದು ತಿಳಿಯಲಿಲ್ಲ. ಮರುದಿನ ಒಂದು ಹಾಳೆಯ ಅರ್ಜಿ ಕೊಟ್ಟರು. ನೋಡೋಣ ಎಂದಿದ್ದಾರೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಹೌದೂ ಅಲ್ಲ, ಅಲ್ಲವೂ ಅಲ್ಲ. ಅರ್ಜಿ ಕೊಟ್ಟು ನಾಲ್ಕು ತಿಂಗಳಾಯಿತು.

ಆಮ್ರಪಾಲಿಯನ್ನು ಏನು ಮಾಡುತ್ತಾರೆಂದೂ ಗೊತ್ತಿಲ್ಲ. “ನೌಕರಿ ಚಿಂತಿ ಐತ್ರಿ, ಇಲ್ಲ ಅನ್ನಂಗಿಲ್ಲ. ಮಗಳು ವಿಶಾಖಾ ಇನ್ನ ಡಿಗ್ರಿ ಓದಾಕತ್ಯಾಳ. ನನ್ನ ಮದ್ದಿನ ಖೋಲ್ಯಾಗ ಹಾಕಿದ್ರೂ ನಡೀತೈತಿ, ಕಸಾ ಹೊಡಿ ಅಂದ್ರೂ ಹೊಡೀತೇನಿ, ನಮ್ಮಪ್ಪ ಅದನ್ನs ಮಾಡಿದಾಂವ. ಆದ್ರ ಆ ಒಂದ ಖಾನೆ ಇರ್ಲಿ ಅಂತ ಅಷ್ಟ. ಇಷ್ಟೇ ಇಷ್ಟ ಜಾಗಾ ಸಾಕ್ರಿ,” ಎಂದು ಹೆಬ್ಬೆರಳು ತೋರುಬೆರಳ ನಡುವೆ ಅಳತೆ ತೋರಿಸುತ್ತಾರೆ. ಒಂದು ಊರಿನ ಹೆಸರು ಹಿಡಿಸುವಷ್ಟು ಅಗಲ.

ಮರುದಿನ ಬೆಳಿಗ್ಗೆ, ಮತ್ತೆ ಐದೂವರೆ, ಅದೇ ಹಿಟ್ಟಿನ ಡಬ್ಬಿ. ಇವತ್ತು ಶುಕ್ರವಾರ, ಬಬಲೇಶ್ವರ. ಎರಡು ತಿಂಗಳಿಂದ ಮ್ಯಾಕ್ರೋದಲ್ಲಿ ಒಂದು ಅಕ್ಷರವನ್ನೂ ಬದಲಿಸಿಲ್ಲ, ಪರೀಕ್ಷಿಸಿ ನೋಡುವಂಥದ್ದೇನೂ ಇಲ್ಲ. ಆದರೂ ಸೌಭಾಗ್ಯ, ಕಾಖಂಡಕಿ, ಇಪ್ಪತ್ತೈದು. ಫಾರ್ಮು ವಯಸ್ಸನ್ನು ಇವತ್ತಿನ ತಾರೀಖಿನಿಂದ ಲೆಕ್ಕ ಹಾಕುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಆಕೆಗೆ ಒಂದು ವರ್ಷ ಕೂಡಿಸಬೇಕಾಗುತ್ತದೆ. ಇಪ್ಪತ್ತೆರಡಕ್ಕೆ ಹೋದವಳು ಈ ಮನೆಯಲ್ಲಿ ಇಪ್ಪತ್ತೈದಕ್ಕೆ ಬಂದಿದ್ದಾಳೆ. ತವರು ಹೊನವಾಡ. ತಂದೆ ಬಸಗೊಂಡಪ್ಪ. ಆಮ್ರಪಾಲಿ ಕೈ ತೆಗೆದು ಕಾಯುತ್ತಾರೆ. ಅರಿಶಿನ ಪಟ್ಟಿ ಮೂಡುತ್ತದೆ, 4417.

ದಿನಾ ಯಾಕೆ ನೋಡಬೇಕು ಎಂದು ಕೇಳಿದರೆ ಮೊದಲು ‘ರದ್ದು’ ಗುಂಡಿ ಒತ್ತುತ್ತಾರೆ. ಲ್ಯಾಪ್‌ಟಾಪ್ ಮುಚ್ಚಿ, ಸೆರಗಿನಿಂದ ಅದರ ಮೇಲಿನ ಹಿಟ್ಟು ಒರೆಸುತ್ತಾರೆ.

“ದಿನಾ ಸಿಗ್ತಾಳ್ರಿ ಆಕಿ,” ಎನ್ನುತ್ತಾರೆ. “ಅವತ್ತೊಂದ ದಿನಾ ಸಿಗಲಿಲ್ಲ.”